ಮಿನಿಮಮ್ ಡ್ಯೂ ಎಂಬ ಒಂದು ಸಾಲು: ವಿದ್ಯಾರ್ಥಿಗಳಿಗೆ ಕ್ರೆಡಿಟ್ ಕಾರ್ಡ್ ಕಲಿಸುವುದು ಎಲ್ಲಿಂದ?

ವಿದ್ಯಾರ್ಥಿಗಳಿಗೆ ಕ್ರೆಡಿಟ್ ಕಾರ್ಡ್ ಬಗ್ಗೆ ಹೇಳಿಕೊಡುವವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಕೆಲವರು ಹೆದರಿಸುತ್ತಾರೆ: ಕಾರ್ಡ್ ಎಂದರೆ ಸಾಲ, ಸಾಲ ಎಂದರೆ ಶೂಲ, ಅದರ ಸಹವಾಸವೇ ಬೇಡ. ಇನ್ನು ಕೆಲವರು ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಬುದ್ಧಿ ಹೇಳಿ ಮೈಕ್ ಕೆಳಗಿಡುತ್ತಾರೆ. ಎರಡನ್ನೂ ಕೇಳಿ ತಲೆಯಾಡಿಸಿದವರೇ ಕೆಲವು ತಿಂಗಳ ನಂತರ ಮೊದಲ ಬಿಲ್ ಫೋನಿಗೆ ಬಂದಾಗ, ಅದರಲ್ಲಿರುವ ಎರಡು ಮೊತ್ತಗಳಲ್ಲಿ ಯಾವುದನ್ನು ಕಟ್ಟಬೇಕೆಂದು ತಿಳಿಯದೆ ಚಿಕ್ಕದನ್ನು, ಅಂದರೆ ಮಿನಿಮಮ್ ಡ್ಯೂ ಎಂಬ ಕನಿಷ್ಠ ಮೊತ್ತವನ್ನು, ಕಟ್ಟುತ್ತಾರೆ. ಪಾವತಿ ಬಂದಿದೆ, ಧನ್ಯವಾದ ಎಂದು ಬ್ಯಾಂಕ್ ಮೆಸೇಜು ಕಳಿಸುತ್ತದೆ. ಎಲ್ಲ ಸರಿಹೋಯಿತು ಅಂದುಕೊಳ್ಳುತ್ತಾರೆ. ಬಡ್ಡಿ ಓಡಲು ಶುರುವಾಗಿರುತ್ತದೆ.

ಉಪನ್ಯಾಸದಿಂದ ಇದು ಬದಲಾಗದಿರುವುದಕ್ಕೆ ಅಧ್ಯಯನದ ಆಧಾರವೂ ಇದೆ. 2014ರಲ್ಲಿ ಡೇನಿಯಲ್ ಫರ್ನಾಂಡಿಸ್, ಜಾನ್ ಲಿಂಚ್ ಮತ್ತು ರಿಚರ್ಡ್ ನೆಟ್‌ಮೇಯರ್ ಎಂಬ ಮೂವರು ಸಂಶೋಧಕರು ಹಣಕಾಸು ಶಿಕ್ಷಣದ ಬಗೆಗಿನ 201 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಜನರ ಹಣಕಾಸು ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಇಂಥ ಪಾಠಗಳಿಂದ ವಿವರಿಸಲಾಗುವುದು ಕೇವಲ ಶೇ. 0.1ರಷ್ಟು ಎಂಬುದು ಅವರಿಗೆ ಸಿಕ್ಕ ಉತ್ತರ. ಗಂಟೆಗಟ್ಟಲೆ ಕಲಿಸಿದ್ದೂ 20 ತಿಂಗಳಾಗುವಷ್ಟರಲ್ಲಿ ಅಳಿಸಿಹೋಗುತ್ತದೆ. 2022ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆ 76 ಪ್ರಯೋಗಗಳನ್ನು ತೆಗೆದುಕೊಂಡು, ಪರಿಣಾಮ ಅಷ್ಟೇನೂ ನಿರಾಶಾದಾಯಕವಲ್ಲ ಎಂದಿತು. ಈ ಜಗಳ ಮುಗಿದಿಲ್ಲ. ಆದರೆ ಮೊದಲ ತಂಡ ಕೊಟ್ಟ ಸಲಹೆಯೊಂದು ಕಲಿಸುವವರಿಗೆ ತುಂಬ ಉಪಯೋಗಕ್ಕೆ ಬರುತ್ತದೆ: ನಿರ್ಧಾರ ಮಾಡಬೇಕಾದ ಹೊತ್ತಿಗೆ ಹತ್ತಿರವಾಗಿ ಕಲಿಸಿ. ಕಾರ್ಡಿನ ಮಟ್ಟಿಗೆ ಆ ಹೊತ್ತು ಯಾವುದೆಂದು ಹುಡುಕಬೇಕಾಗಿಲ್ಲ. ತಿಂಗಳಿಗೊಮ್ಮೆ ಬಿಲ್ಲಿನ ರೂಪದಲ್ಲಿ ತಾನಾಗಿಯೇ ಬರುತ್ತದೆ. ಹಾಗಾಗಿ ಒಂದು ಗಂಟೆಯ ಉಪನ್ಯಾಸವನ್ನು ಮೂರು ತುಂಡು ಮಾಡಿ, ಒಂದನ್ನು ಕಾರ್ಡ್ ತೆಗೆದುಕೊಳ್ಳುವ ಮೊದಲು, ಇನ್ನೊಂದನ್ನು ಮೊದಲ ಬಿಲ್ ಬಂದ ವಾರ, ಮೂರನೆಯದನ್ನು ಮೂರನೇ ಬಿಲ್ ಬಂದಾಗ ಇಟ್ಟುಕೊಳ್ಳುವುದು ಲೇಸು. ಮೂರನೆಯದೇ ಏಕೆ ಎಂದರೆ, ಮೊದಲ ತಿಂಗಳ ಎಚ್ಚರ ಸಡಿಲವಾಗುವುದೂ ಹಿಂದಿನ ಬಾಕಿಯ ಬಡ್ಡಿ ಬಿಲ್ಲಿನಲ್ಲಿ ಕಣ್ಣಿಗೆ ಬೀಳುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ.

ಕಾರ್ಡ್ ಕೈಗೆ ಬರುವ ಮೊದಲು

ಈ ಹಂತದಲ್ಲಿ ಕಲಿಸಬೇಕಾದ್ದು ದಿನಾಂಕಗಳ ಲೆಕ್ಕ. ಪ್ರತಿ ಕಾರ್ಡಿಗೂ ಬಿಲ್ ತಯಾರಾಗುವ ದಿನ ಒಂದು, ಹಣ ಕಟ್ಟಲು ಕೊನೆಯ ದಿನ ಇನ್ನೊಂದು. ಬಿಲ್ ಪ್ರತಿ ತಿಂಗಳು 5ಕ್ಕೆ, ಡ್ಯೂ ಡೇಟ್ 25ಕ್ಕೆ ಎಂದಿಟ್ಟುಕೊಳ್ಳಿ. ಜೂನ್ 6ರಂದು ಕೊಂಡ ವಸ್ತು ಜುಲೈ 5ರ ಬಿಲ್ಲಿಗೆ ಸೇರುತ್ತದೆ, ಕಟ್ಟುವುದು ಜುಲೈ 25ಕ್ಕೆ: 49 ದಿನ ಬಡ್ಡಿಯಿಲ್ಲ. ಅದೇ ವಸ್ತುವನ್ನು ಜುಲೈ 4ರಂದು ಕೊಂಡರೆ ಸಿಗುವುದು 21 ದಿನ ಮಾತ್ರ. ಜಾಹೀರಾತಿನಲ್ಲಿ ‘50 ದಿನಗಳವರೆಗೆ ಬಡ್ಡಿರಹಿತ’ ಎಂದು ಬರೆದಿರುವಾಗ ‘ವರೆಗೆ’ ಎಂಬ ಪದದೊಳಗೆ ಅಡಗಿರುವುದು ಇದೇ. ಇನ್ನೂ ಒಂದು ಸೂಕ್ಷ್ಮವಿದೆ. ಖರೀದಿಸಿದ ದಿನವೇ ಅದು ಖಾತೆಯಲ್ಲಿ ದಾಖಲಾಗಬೇಕೆಂದಿಲ್ಲ. ಅಂಗಡಿಯವರು ಕಳಿಸಿ ಬ್ಯಾಂಕ್ ದಾಖಲಿಸಲು ಒಂದೆರಡು ದಿನ ಹಿಡಿಯಬಹುದು. ಬಿಲ್ ದಿನದ ಆಸುಪಾಸಿನ ಖರೀದಿ ಈ ತಿಂಗಳಿಗೆ ಬರುತ್ತದೋ ಮುಂದಿನದಕ್ಕೋ ಎಂದು ಊಹಿಸಿ ಲೆಕ್ಕ ಹಾಕಿದವರು ಆಗಾಗ ಎಡವುತ್ತಾರೆ.

ತಿಂಗಳಿನಲ್ಲಿ ಕೈಗೆ ಹಣ ಬರುವ ದಿನಕ್ಕೂ ಡ್ಯೂ ಡೇಟಿಗೂ ಹೊಂದಿಕೆಯಾಗಬೇಕು. ಮನೆಯಿಂದ ಹಣ ಬರುವುದು, ಸ್ಕಾಲರ್‌ಶಿಪ್ ಜಮೆಯಾಗುವುದು ಅಥವಾ ಅರೆಕಾಲಿಕ ಕೆಲಸದ ಸಂಬಳ ಸಿಗುವುದು ತಿಂಗಳ ಮೊದಲ ವಾರದಲ್ಲಿ. ಡ್ಯೂ ಡೇಟ್ ಇರುವುದು 27ಕ್ಕೆ, ಕೈ ಖಾಲಿಯಾಗಿರುವಾಗ. ಬಿಲ್ ದಿನವನ್ನು ಬದಲಿಸಿಕೊಡಿ ಎಂದು ಕೇಳಬಹುದೆಂಬುದೇ ಅನೇಕರಿಗೆ ಗೊತ್ತಿಲ್ಲ. ಭಾರತದಲ್ಲಿ ರಿಸರ್ವ್ ಬ್ಯಾಂಕಿನ ನಿಯಮವೇ ಗ್ರಾಹಕರಿಗೆ ಈ ಅವಕಾಶ ಕೊಟ್ಟಿದೆ. ಬೇರೆ ದೇಶಗಳಲ್ಲೂ ಬಹಳಷ್ಟು ಬ್ಯಾಂಕುಗಳು ಒಪ್ಪುತ್ತವೆ.

ಯಾವ ಬಗೆಯ ಕಾರ್ಡ್ ಎಂಬ ಪ್ರಶ್ನೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಸ್ವಂತ ವರಮಾನ ಇಲ್ಲದವರಿಗೆ ಸಿಗುವುದು ಎರಡು ಬಗೆ: ಠೇವಣಿಯ ಮೇಲೆ ಕೊಡುವ ಕಾರ್ಡ್, ಇಲ್ಲವೇ ಹೆತ್ತವರ ಖಾತೆಗೆ ಜೋಡಿಸಿದ ಆಡ್-ಆನ್ ಕಾರ್ಡ್. ಕಲಿಯುವುದಕ್ಕೆ ಠೇವಣಿ ಕಾರ್ಡೇ ವಾಸಿ. ಬಿಲ್ ಕಲಿಯುವವರ ಹೆಸರಿಗೇ ಬರುತ್ತದೆ, ತಪ್ಪಾದರೆ ನಷ್ಟ ಠೇವಣಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಆಡ್-ಆನ್‌ನಲ್ಲಿ ಖರ್ಚು ಮಗಳದು, ಬಿಲ್ ಅಪ್ಪನದು. ಸಾಲದ ಹೊಣೆಯೂ ಅವರದೇ. ಆ ಬಿಲ್ಲನ್ನು ಮಗಳಿಗೆ ತೋರಿಸದೆ ಕಟ್ಟುತ್ತ ಹೋದರೆ ಅವಳು ಕಲಿಯುವುದು ಕಾರ್ಡ್ ಉಜ್ಜುವುದನ್ನು ಮಾತ್ರ.

ಉಜ್ಜುವುದರಲ್ಲೂ ಒಂದು ಸಂಗತಿ ಇದೆ. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬಿಎ ವಿದ್ಯಾರ್ಥಿಗಳ ನಡುವೆ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜು ಹಾಕಿದ್ದರು. ಗೆದ್ದರೆ ನಗದು ಕೊಡಬೇಕು ಎಂದು ಅರ್ಧ ಜನಕ್ಕೆ, ಕಾರ್ಡಿನಲ್ಲಿ ಕೊಡಬೇಕು ಎಂದು ಉಳಿದರ್ಧಕ್ಕೆ ಹೇಳಲಾಗಿತ್ತು. ಕಾರ್ಡಿನವರು ಕೂಗಿದ ಬೆಲೆ ಸರಾಸರಿ ಎರಡು ಪಟ್ಟಿನಷ್ಟಿತ್ತು. ವ್ಯವಹಾರ ನಿರ್ವಹಣೆಯನ್ನೇ ಓದುತ್ತಿದ್ದವರ ಕಥೆ ಇದು. ಬ್ಯಾಂಕ್ 60,000 ಲಿಮಿಟ್ ಕೊಟ್ಟರೆ ಅಷ್ಟನ್ನೂ ಇಟ್ಟುಕೊಳ್ಳಬೇಕೆಂದೇನಿಲ್ಲ. ಆ್ಯಪ್‌ನಲ್ಲಿ ದಿನದ ಮಿತಿ, ಆನ್‌ಲೈನ್ ಮಿತಿ ಇಡಬಹುದು, ಒಟ್ಟು ಲಿಮಿಟ್ಟನ್ನೇ ಇಳಿಸಿಕೊಡಿ ಎಂದು ಕೇಳಬಹುದು. ಬ್ಯಾಂಕ್ ಖಾತೆಯಲ್ಲಿ ಈಗ ಎಷ್ಟಿದೆಯೋ ಅದನ್ನು ಮೀರಿದ ಖರ್ಚು ಕಾರ್ಡಿನಲ್ಲಿ ಆಗದಂತೆ ಮಾಡಿಕೊಂಡರೆ ಮೊದಲ ವರ್ಷ ನೆಮ್ಮದಿಯಾಗಿ ಕಳೆಯುತ್ತದೆ.

ಮೊದಲ ಬಿಲ್: ಅಸಲಿ ಪಾಠ

ಮೊದಲ ಬಿಲ್ ಬಂದ ವಾರ ಅದನ್ನು ಮುದ್ರಿಸಿ ಮೇಜಿನ ಮೇಲೆ ಹರಡಿಕೊಂಡು ಕೂರಬೇಕು. ಬೇರೆಯವರ ಬಿಲ್ಲಿನ ನಕಲಾದರೂ ಆದೀತು, ಹೆಸರು, ನಂಬರು ಮುಚ್ಚಿದ್ದರೆ ಸಾಕು. ಮೇಲೆ ದೊಡ್ಡ ಅಕ್ಷರದಲ್ಲಿ ಎರಡು ಅಂಕಿ ಕಾಣುತ್ತವೆ: ಒಟ್ಟು ಬಾಕಿ 10,000, ಕನಿಷ್ಠ ಬಾಕಿ, ಅಂದರೆ ಮಿನಿಮಮ್ ಡ್ಯೂ, 500. ಎರಡನೆಯದನ್ನು ಕಟ್ಟಿದರೆ ಏನು ಸಿಗುತ್ತದೆ? ಲೇಟ್ ಫೀ ಬೀಳುವುದಿಲ್ಲ, ತಡಮಾಡಿದವರ ಪಟ್ಟಿಗೆ ಹೆಸರು ಹೋಗುವುದಿಲ್ಲ. ಅಷ್ಟೆ. ಬಡ್ಡಿಗೂ ಅದಕ್ಕೂ ಸಂಬಂಧವಿಲ್ಲ.

ಲೆಕ್ಕವನ್ನು ಕೈಯಲ್ಲೇ ಮಾಡಿಸಬೇಕು. ಬಾಕಿ 10,000, ಬಡ್ಡಿ ತಿಂಗಳಿಗೆ ಶೇ. 3, ಮಿನಿಮಮ್ ಡ್ಯೂ ಬಾಕಿಯ ಶೇ. 5, ಹೊಸ ಖರೀದಿ ಒಂದೂ ಇಲ್ಲ ಎಂದುಕೊಳ್ಳೋಣ. ಮೊದಲ ತಿಂಗಳು ಬಡ್ಡಿ ಸೇರಿ 10,300 ಆಗುತ್ತದೆ, ಅದರ ಶೇ. 5 ಎಂದರೆ 515 ಕಟ್ಟುತ್ತೀರಿ, ಉಳಿಯುವುದು 9,785. ಅಂದರೆ 515 ಕೊಟ್ಟು 215 ಇಳಿಸಿದಿರಿ. ಹೀಗೇ ಒಂದು ವರ್ಷ, ಒಂದು ತಿಂಗಳೂ ತಪ್ಪದೆ ಕಟ್ಟಿದರೆ ಕೈಯಿಂದ ಹೋಗುವುದು ಸುಮಾರು 5,500. ಬಾಕಿ ಎಷ್ಟಿರುತ್ತದೆ? 7,700. ಸಾಲ ಅರ್ಧಕ್ಕೆ ಇಳಿಯಲು 32 ತಿಂಗಳು ಬೇಕು, ಒಂದು ಪದವಿ ಓದಿ ಮುಗಿಸುವಷ್ಟು ಕಾಲ.

ಈಗ ಒಂದೇ ಒಂದು ಬದಲಾವಣೆ ಮಾಡಿ. ಮೊದಲ ತಿಂಗಳ 515ನ್ನೇ ಪ್ರತಿ ತಿಂಗಳೂ ಕಟ್ಟಿ, ಬಿಲ್ಲಿನಲ್ಲಿ ಕನಿಷ್ಠ ಮೊತ್ತ ಇಳಿದರೂ ನೀವು ಇಳಿಸಬೇಡಿ. 30ನೇ ತಿಂಗಳಿಗೆ ಸಾಲ ಪೂರ್ತಿ ತೀರುತ್ತದೆ. ಇಳಿಯುತ್ತ ಹೋಗುವ ಮಿನಿಮಮ್ ಡ್ಯೂ ಕಟ್ಟಿದವರಿಗೆ ಅದೇ 30ನೇ ತಿಂಗಳಲ್ಲಿ ಇನ್ನೂ 5,200 ಬಾಕಿ ಇರುತ್ತದೆ. 1,000ದಂತೆ ಕಟ್ಟಿದರೆ 12 ತಿಂಗಳಲ್ಲಿ ಹೆಚ್ಚುಕಡಿಮೆ ಮುಗಿದು, 13ನೇ ತಿಂಗಳಿಗೆ ಚಿಲ್ಲರೆ ಉಳಿಯುತ್ತದೆ. ಬಾಕಿಯ ಜೊತೆಜೊತೆಗೇ ಕಂತೂ ಸಣ್ಣದಾಗುತ್ತ ಹೋಗುವುದರಿಂದಲೇ ಈ ಸಾಲ ಇಷ್ಟು ಉದ್ದ ಎಳೆಯುತ್ತದೆ ಎಂಬುದು ಈ ಮೂರು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಹೊಳೆಯುತ್ತದೆ. ನೂರು ಬುದ್ಧಿಮಾತಿನಿಂದ ಆಗದ್ದು ಒಂದು ಹಾಳೆ ಕಾಗದದಲ್ಲಿ ಆಗುತ್ತದೆ.

ಜೊತೆಗೆ, ‘ತಿಂಗಳಿಗೆ ಮೂರೇ ಪರ್ಸೆಂಟ್’ ಎಂಬುದನ್ನು ವರ್ಷದ ದರಕ್ಕೆ ತಿರುಗಿಸುವುದನ್ನೂ ಇಲ್ಲೇ ಕಲಿಸಬೇಕು. 12ರಿಂದ ಗುಣಿಸಿದರೆ ಶೇ. 36. ಬಡ್ಡಿಯ ಮೇಲೆ ಬಡ್ಡಿ ಸೇರುತ್ತ ಹೋದರೆ ನಿಜವಾಗಿ ಬೀಳುವುದು ಶೇ. 42.6ರ ಸುಮಾರು. ಲೇಟ್ ಫೀ, ತೆರಿಗೆ ಈ ಲೆಕ್ಕದಲ್ಲಿಲ್ಲ.

ಕನಿಷ್ಠ ಮೊತ್ತವನ್ನು ನಮೂದಿಸುವುದೇ ಜನರನ್ನು ಕೆಳಕ್ಕೆ ಎಳೆಯುತ್ತದೆ ಎಂದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ನೀಲ್ ಸ್ಟೀವರ್ಟ್ 2009ರಲ್ಲಿ ತೋರಿಸಿದರು. ಒಂದೇ ಬಿಲ್ಲನ್ನು ಕನಿಷ್ಠ ಮೊತ್ತ ಇರುವಂತೆ ಕೆಲವರಿಗೆ, ಇಲ್ಲದಂತೆ ಕೆಲವರಿಗೆ ಕೊಟ್ಟಾಗ, ಪೂರ್ತಿ ಕಟ್ಟಲಾಗದವರು ಆ ಸಾಲನ್ನು ನೋಡಿದ್ದರಿಂದಲೇ ಕಡಿಮೆ ಕಟ್ಟಲು ಮನಸ್ಸು ಮಾಡಿದರು. ಆ ಸಾಲನ್ನು ತೆಗೆದುಹಾಕಿ ಎಂದು ಬ್ಯಾಂಕಿಗೆ ಹೇಳಲು ನಮಗೆ ಆಗದು, ಪೆನ್ನಿನಿಂದ ಹೊಡೆದುಹಾಕಲು ಆಗುತ್ತದೆ. ತರಗತಿಯಲ್ಲಿ ಮುದ್ರಿಸಿದ ಬಿಲ್ಲಿನ ಮೇಲೆ ಇದನ್ನು ಮಾಡಿಸಿ ನೋಡಿ. ಆಟದಂತೆ ಕಂಡರೂ ಕಣ್ಣು ಮುಂದಿನ ಸಲ ಒಟ್ಟು ಬಾಕಿಯ ಕಡೆಗೇ ಹೋಗಲು ಕಲಿಯುತ್ತದೆ.

ಇನ್ನು ಸ್ವಲ್ಪ ಬಾಕಿ ಉಳಿಸಿದರೆ ಏನು ಮಹಾ ಎನ್ನುವವರಿಗೆ ಎರಡನೇ ಲೆಕ್ಕ. ಜೂನ್ 10ಕ್ಕೆ 10,000 ಖರೀದಿ, ಜುಲೈ 5ಕ್ಕೆ ಬಿಲ್, ಜುಲೈ 25ಕ್ಕೆ 9,000 ಕಟ್ಟಿ 1,000 ಉಳಿಸಿದಿರಿ. ಬಡ್ಡಿ ಆ 1,000ದ ಮೇಲೆ ಮಾತ್ರ ಎಂದು ಎಲ್ಲರೂ ಭಾವಿಸುತ್ತಾರೆ. ಕೆಲವು ಕಡೆ ಹಾಗೆಯೇ. ಅಮೆರಿಕದಲ್ಲಿ 2009ರ ಕಾರ್ಡ್ ಕಾಯ್ದೆ ಬಂದ ಮೇಲೆ, ಗಡುವಿನೊಳಗೆ ಕಟ್ಟಿದ ಭಾಗಕ್ಕೆ ಬಡ್ಡಿ ಹಾಕುವಂತಿಲ್ಲ. ಆದರೆ ಖರೀದಿಸಿದ ದಿನದಿಂದ ಪೂರ್ತಿ ಮೊತ್ತಕ್ಕೆ ಬಡ್ಡಿ ಹಾಕುವ ಒಪ್ಪಂದವಿದ್ದರೆ, ವಾರ್ಷಿಕ ಶೇ. 36ರಂತೆ 10,000ಕ್ಕೆ 45 ದಿನದ ಬಡ್ಡಿ 444, ಉಳಿದ 1,000ಕ್ಕೆ ಆಗಸ್ಟ್ 5ರವರೆಗೆ 11 ರಷ್ಟು, ಒಟ್ಟು 455. ಸಾವಿರ ಉಳಿಸಿದ್ದಕ್ಕೆ ನಾನೂರೈವತ್ತೈದು! ಅದರ ಮೇಲೆ, ಹಳೆಯ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗಳಿಗೆ ಆ 21ರಿಂದ 49 ದಿನಗಳ ಸೌಲಭ್ಯವೂ ಇಲ್ಲ. ಕೊಂಡ ದಿನದಿಂದಲೇ ಬಡ್ಡಿ. ತಮ್ಮ ಕಾರ್ಡಿನಲ್ಲಿ ಯಾವ ಪದ್ಧತಿ ಇದೆ ಎಂದು ಒಪ್ಪಂದದ ಕಾಗದದಲ್ಲಿ ಹುಡುಕಿಕೊಂಡು ಬರುವುದೇ ಆ ವಾರದ ಮನೆಕೆಲಸವಾಗಲಿ.

ಖಾತೆಯಿಂದ ತಾನಾಗಿಯೇ ಬಿಲ್ ಕಟ್ಟಿಹೋಗುವ ಆಟೊ ಪೇ ವಿಚಾರವೂ ಇದೇ ಕೂಟದಲ್ಲಿ ಬರಬೇಕು, ಆಯ್ಕೆಯನ್ನು ಅಲ್ಲೇ ಫೋನಿನಲ್ಲಿ ತೆರೆದು ನೋಡಬೇಕು. ಒಟ್ಟು ಬಾಕಿ, ಕನಿಷ್ಠ ಬಾಕಿ ಎಂಬ ಎರಡು ಆಯ್ಕೆ ಸಾಮಾನ್ಯ. ಕನಿಷ್ಠ ಬಾಕಿಗೆ ಆಟೊ ಪೇ ಇಟ್ಟವರ ಪಾಡು ವಿಚಿತ್ರ: ಎಂದೂ ತಡವಾಗುವುದಿಲ್ಲ, ಎಂದೂ ಎಚ್ಚರಿಕೆಯ ಮೆಸೇಜು ಬರುವುದಿಲ್ಲ, ಹೊಸ ಖರೀದಿಗಳು ಸೇರುತ್ತ ಸಾಲ ಮಾತ್ರ ತಣ್ಣಗೆ ಬೆಳೆಯುತ್ತದೆ. ಒಟ್ಟು ಬಾಕಿಗೆ ಇಟ್ಟರೆ ಇನ್ನೊಂದು ಅಪಾಯವಿದೆ. ಆ ದಿನ ಖಾತೆಯಲ್ಲಿ ಹಣವಿಲ್ಲದಿದ್ದರೆ ಪಾವತಿ ಬೌನ್ಸ್ ಆಗಿ ಬ್ಯಾಂಕ್ ಒಂದು ಶುಲ್ಕ, ಕಾರ್ಡ್ ಕಂಪನಿ ಇನ್ನೊಂದು ಶುಲ್ಕ ಹಾಕುತ್ತವೆ. ಆದ್ದರಿಂದ ಒಟ್ಟು ಬಾಕಿಗೇ ಆಟೊ ಪೇ ಇಡಿ, ಡ್ಯೂ ಡೇಟಿಗೆ ಐದು ದಿನ ಮೊದಲು ಫೋನಿನಲ್ಲಿ ಅಲಾರಂ ಇಡಿ. ಅಂದು ಖಾತೆ ನೋಡಿದರೆ ಸಾಕು. ಕೈಯಾರೆ ಕಟ್ಟುವವರು ಕೊನೆಯ ದಿನದ ರಾತ್ರಿಗೆ ಕಾಯಬಾರದು. ಬೇರೆ ಬ್ಯಾಂಕಿನಿಂದ ಕಳಿಸಿದ ಹಣ ಕಾರ್ಡಿಗೆ ಜಮೆಯಾಗಲು ಒಂದೆರಡು ಕೆಲಸದ ದಿನ ಬೇಕಾದೀತು.

ವಸ್ತು ವಾಪಸ್ ಮಾಡಿದ್ದೇನೆ, ರಿಫಂಡ್ ಬರುತ್ತದೆ, ಅದೇ ಬಿಲ್ಲಿಗೆ ಸರಿಹೋಗುತ್ತದೆ ಎಂಬ ನಂಬಿಕೆಯೂ ಅನೇಕರನ್ನು ಮುಳುಗಿಸಿದೆ. ರಿಫಂಡ್ ಡ್ಯೂ ಡೇಟ್ ದಾಟಿ ಬಂದರೆ ಲೇಟ್ ಫೀ ನಿಮ್ಮದೇ. ಬಿಲ್ಲಿನಲ್ಲಿ ಇರುವಷ್ಟನ್ನು ಕಟ್ಟಿಬಿಡಿ. ರಿಫಂಡ್ ಬಂದಾಗ ಅದು ಮುಂದಿನ ತಿಂಗಳಿಗೆ ಜಮೆ ಇರುತ್ತದೆ.

ಮೂರನೇ ಬಿಲ್ಲಿನ ಹೊತ್ತಿಗೆ

ಇಷ್ಟರಲ್ಲಿ ಪ್ರಲೋಭನೆಗಳು ಶುರುವಾಗಿರುತ್ತವೆ. ಲಿಮಿಟ್ ಹೆಚ್ಚಿಸುತ್ತೇವೆ ಎಂಬ ಕರೆ, ಖರೀದಿಯನ್ನು ಇಎಂಐಗೆ ಬದಲಿಸಿ ಎಂಬ ಬಟನ್, ಕಾರ್ಡಿನಿಂದ ನಗದು ತೆಗೆಯಿರಿ ಎಂಬ ಆಫರ್. ನಗದಿನ ಬಗ್ಗೆ ಎರಡು ಮಾತಿಲ್ಲ: ತೆಗೆಯಬಾರದು. ಬಡ್ಡಿರಹಿತ ಅವಧಿ ಇದಕ್ಕೆ ಇಲ್ಲವೇ ಇಲ್ಲ, ತೆಗೆದ ಕ್ಷಣದಿಂದ ಬಡ್ಡಿ. ಶುಲ್ಕ ಶೇ. 3, ಆದರೆ ಕನಿಷ್ಠ 300 ಎಂಬಂಥ ಷರತ್ತಿದ್ದರೆ 2,000 ತೆಗೆದವರು ಬಡ್ಡಿಗೆ ಮುನ್ನವೇ ಶೇ. 15 ಕಳೆದುಕೊಂಡಿರುತ್ತಾರೆ. ಇಎಂಐ ಅಷ್ಟು ಕೆಟ್ಟದ್ದಲ್ಲ, ಲ್ಯಾಪ್‌ಟಾಪಿನಂಥ ದೊಡ್ಡ ಖರ್ಚಿಗೆ ಮಿನಿಮಮ್ ಡ್ಯೂ ಕಟ್ಟುತ್ತ ಕೂರುವುದಕ್ಕಿಂತ ಎಷ್ಟೋ ವಾಸಿ. ಬಡ್ಡಿಯಿಲ್ಲದ ಇಎಂಐ ಎಂದಾಗ ಮಾತ್ರ ಮೂರು ಪ್ರಶ್ನೆ ಕೇಳಿ: ಪೂರ್ತಿ ಹಣ ಕೊಟ್ಟರೆ ಸಿಗುವ ರಿಯಾಯಿತಿ ಇದರಲ್ಲಿ ಕಳೆದುಹೋಗುತ್ತದೆಯೇ, ಪ್ರೊಸೆಸಿಂಗ್ ಶುಲ್ಕ ಎಷ್ಟು, ಮೊದಲೇ ತೀರಿಸಿದರೆ ದಂಡವಿದೆಯೇ. ಕಂತು ಪ್ರತಿ ಬಿಲ್ಲಿನ ಒಟ್ಟು ಬಾಕಿಗೆ ಸೇರಿಕೊಂಡು ಬರುವುದರಿಂದ ಒಂದೇ ಹೊತ್ತಿಗೆ ನಾಲ್ಕು ಕಂತು ಓಡುತ್ತಿದ್ದರೆ ತಿಂಗಳ ಹಣವೆಲ್ಲ ಹಳೆಯ ಖರೀದಿಗೇ ಹೋಗುತ್ತದೆ. ಮೊದಲ ತಿಂಗಳು ಉಚಿತ ಎಂದು ಕಾರ್ಡ್ ನಂಬರ್ ಕೊಟ್ಟು ಮರೆತ ಚಂದಾಗಳನ್ನು ಪತ್ತೆ ಮಾಡುವ ಸಮಯವೂ ಇದೇ. ಮೂರು ಬಿಲ್ಲುಗಳನ್ನು ಸಾಲಾಗಿಟ್ಟರೆ ಮತ್ತೆ ಮತ್ತೆ ಬರುವ ಸಾಲುಗಳು ಕಣ್ಣಿಗೆ ಹೊಡೆಯುತ್ತವೆ.

ಕ್ರೆಡಿಟ್ ಸ್ಕೋರ್, ಅಂದರೆ ಸಾಲ ತೀರಿಸುವ ರೀತಿ ನೋಡಿ ಕೊಡುವ ಅಂಕದ ಬಗ್ಗೆ ವಿದ್ಯಾರ್ಥಿಗಳಿಗೆ ಕುತೂಹಲ ಹೆಚ್ಚು, ತಪ್ಪು ತಿಳಿವಳಿಕೆಯೂ ಅಷ್ಟೇ. ಸ್ಕೋರ್ ಬೆಳೆಯಲು ಸ್ವಲ್ಪ ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟಬೇಕು ಎಂಬುದು ಅವುಗಳಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು. ಅಮೆರಿಕದ ಫೈಕೋ ಸ್ಕೋರ್ ತನ್ನ ಲೆಕ್ಕವನ್ನು ಬಹಿರಂಗವಾಗಿ ಹೇಳುತ್ತದೆ: ಸಮಯಕ್ಕೆ ಕಟ್ಟಿದ ಇತಿಹಾಸಕ್ಕೆ ಶೇ. 35, ಬಾಕಿಯ ಪ್ರಮಾಣಕ್ಕೆ ಶೇ. 30, ಖಾತೆಗಳ ವಯಸ್ಸಿಗೆ ಶೇ. 15, ಹೊಸ ಅರ್ಜಿಗಳಿಗೆ ಮತ್ತು ಸಾಲದ ವೈವಿಧ್ಯಕ್ಕೆ ತಲಾ ಶೇ. 10. ಬಡ್ಡಿ ಕಟ್ಟಿದ್ದಕ್ಕೆ ಅಂಕವಿಲ್ಲ. ಇತರ ಕಡೆ ಪ್ರಮಾಣ ಬೇರೆಯಿದ್ದರೂ ತಿರುಳು ಇದೇ. ಬಾಕಿಯ ಪ್ರಮಾಣ ಎಂದರೆ ಲಿಮಿಟ್ಟಿನಲ್ಲಿ ಎಷ್ಟು ಭಾಗ ಬಳಸಿದ್ದೀರಿ ಎಂಬುದು. 20,000 ಲಿಮಿಟ್ಟಿನಲ್ಲಿ 15,000 ಖರ್ಚು ಮಾಡಿ ಡ್ಯೂ ಡೇಟಿಗೆ ಪೂರ್ತಿ ಕಟ್ಟಿದರೂ, ಸ್ಕೋರ್ ಲೆಕ್ಕ ಹಾಕುವವರಿಗೆ ವರದಿ ಹೋಗುವುದು ಸಾಮಾನ್ಯವಾಗಿ ಬಿಲ್ ದಿನದ ಬಾಕಿಯದ್ದಾದ್ದರಿಂದ ದಾಖಲೆಯಲ್ಲಿ ಶೇ. 75 ಎಂದೇ ಕಾಣುತ್ತದೆ. ಬಿಲ್ ಆಗುವ ಎರಡು ದಿನ ಮೊದಲೇ 11,000 ಕಟ್ಟಿಬಿಟ್ಟರೆ ಅದು ಶೇ. 20 ಆಗುತ್ತದೆ. ಲಿಮಿಟ್ ಸಣ್ಣದಿರುವ ವಿದ್ಯಾರ್ಥಿಗಳಿಗೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ.

ಸುರಕ್ಷತೆಯ ಬಗ್ಗೆ ಈ ತಲೆಮಾರಿಗೆ ಹೆಚ್ಚು ಹೇಳಬೇಕಿಲ್ಲ. ಒಟಿಪಿ ಕೊಡಬಾರದೆಂದು ಅವರೇ ಮನೆಯ ಹಿರಿಯರಿಗೆ ಹೇಳಿಕೊಡುತ್ತಾರೆ. ಆದರೆ ಕದ್ದ ಖರ್ಚು ಕಂಡ ಮೇಲೆ ಏನು ಮಾಡಬೇಕು ಎಂಬುದು ಅವರಿಗೂ ಗೊತ್ತಿರುವುದಿಲ್ಲ. ಮೊದಲು ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್, ಆಮೇಲೆ ಬ್ಯಾಂಕಿಗೆ ಕರೆ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳುವುದು, ಅದೇ ದಿನ ಇಮೇಲ್. ಹೊಣೆ ಯಾರದೆಂದು ತೀರ್ಮಾನವಾಗುವುದು ಎಷ್ಟು ಬೇಗ ತಿಳಿಸಿದಿರಿ ಎಂಬುದರ ಮೇಲೆ. ಭಾರತದಲ್ಲಿ ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ಬ್ಯಾಂಕಿನದೂ ಗ್ರಾಹಕರದೂ ಅಲ್ಲದ ತಪ್ಪಿನಿಂದಾದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ತಡವಾದಷ್ಟೂ ಅದು ಏರುತ್ತದೆ.

ಕಲಿಸುವವರು ಯಾರು?

ಕಾರ್ಡ್ ಮಾರುವವರೇ ಕ್ಯಾಂಪಸ್ಸಿಗೆ ಬಂದು ಕಾರ್ಡ್ ಬಳಕೆಯ ತರಬೇತಿ ಕೊಡುವ ಏರ್ಪಾಡಿನಲ್ಲಿ ಹಿತಾಸಕ್ತಿಯ ತಿಕ್ಕಾಟ ಇದ್ದೇ ಇರುತ್ತದೆ. ಪೂರ್ತಿ ಬಾಕಿ ಕಟ್ಟುವ ಗ್ರಾಹಕರಿಂದ ಕಂಪನಿಗೆ ಸಿಗುವುದು ಅಂಗಡಿಯವರು ಕೊಡುವ ಶುಲ್ಕ, ಮತ್ತೆ ವಾರ್ಷಿಕ ಶುಲ್ಕ ಇದ್ದರೆ ಅದು. ಬಾಕಿ ಉಳಿಸಿಕೊಳ್ಳುವವರಿಂದ ಸಿಗುವುದು ಬಡ್ಡಿ. ಇಂಥ ತರಬೇತಿಯಲ್ಲಿ ರಿವಾರ್ಡ್ ಪಾಯಿಂಟಿಗೆ ಅರ್ಧ ಗಂಟೆ ಸಿಕ್ಕು, ಮಿನಿಮಮ್ ಡ್ಯೂಗೆ ಒಂದು ಸ್ಲೈಡ್ ಸಿಕ್ಕರೆ ಆಶ್ಚರ್ಯಪಡಬೇಕಾಗಿಲ್ಲ. ಅಮೆರಿಕದ 2009ರ ಕಾಯ್ದೆ ಕ್ಯಾಂಪಸ್ ಆಸುಪಾಸಿನಲ್ಲಿ ಉಡುಗೊರೆ ಕೊಟ್ಟು ಅರ್ಜಿ ಬರೆಸಿಕೊಳ್ಳುವುದನ್ನು ನಿಷೇಧಿಸಿತು, 21 ತುಂಬದವರು ಸ್ವಂತ ವರಮಾನ ಇಲ್ಲವೇ ಸಹಿ ಹಾಕುವ ಹಿರಿಯರನ್ನು ತೋರಿಸಬೇಕೆಂದಿತು, ಕನಿಷ್ಠವನ್ನೇ ಕಟ್ಟಿದರೆ ಸಾಲ ತೀರಲು ಎಷ್ಟು ವರ್ಷ ಎಂಬುದನ್ನು ಬಿಲ್ಲಿನಲ್ಲೇ ಮುದ್ರಿಸಬೇಕೆಂದಿತು. ಭಾರತದ 2022ರ ನಿಯಮಾವಳಿಯಲ್ಲಿ, ಕೇಳದೆ ಕಾರ್ಡ್ ಕಳಿಸುವುದಕ್ಕೆ ತಡೆಯಿದೆ. ಕಾಯ್ದೆ ಇಷ್ಟನ್ನು ಮಾಡಬಲ್ಲದು. ಬಿಲ್ಲನ್ನು ತೆರೆದು ಓದುವ ಅಭ್ಯಾಸ ಬೆಳೆಸುವುದು ಕಾಲೇಜಿನ ಲೆಕ್ಕಶಾಸ್ತ್ರದ ಮೇಷ್ಟ್ರಿಗೋ ಮನೆಯವರಿಗೋ ಹೆಚ್ಚು ಹೊಂದುವ ಕೆಲಸ. ಅವರಿಗೆ ಮಾರಬೇಕಾದ್ದೇನೂ ಇಲ್ಲ.

ಈಗಾಗಲೇ ಬಾಕಿಯಲ್ಲಿ ಸಿಲುಕಿರುವ ವಿದ್ಯಾರ್ಥಿಗೆ ಬೇಕಾದ ಪಾಠ ಬೇರೆ, ಅದು ಚಿಕ್ಕದು. ಕಾರ್ಡನ್ನು ಆ್ಯಪ್‌ಗಳಿಂದ, ಶಾಪಿಂಗ್ ತಾಣಗಳಿಂದ ಅಳಿಸಿಹಾಕಿ. ಒಂದಕ್ಕಿಂತ ಹೆಚ್ಚು ಕಾರ್ಡಿದ್ದರೆ ಎಲ್ಲದಕ್ಕೂ ಕನಿಷ್ಠ ಕಟ್ಟಿ, ಉಳಿದ ಹಣವನ್ನೆಲ್ಲ ಬಡ್ಡಿ ದರ ಹೆಚ್ಚಿರುವ ಒಂದಕ್ಕೇ ಹಾಕಿ. ಬಾಕಿಯನ್ನು ಕಡಿಮೆ ದರದ ಇಎಂಐಗೆ ಬದಲಿಸಿಕೊಡುತ್ತೀರಾ ಎಂದು ಕಂಪನಿಯನ್ನು ಕೇಳಿ; ಒಂದು ಕಾರ್ಡಿನ ಸಾಲವನ್ನು ಇನ್ನೊಂದು ಕಾರ್ಡಿನಿಂದ ತೀರಿಸಲು ಹೋಗಬೇಡಿ. ಮನೆಯಲ್ಲಿ ಹೇಳುವುದನ್ನು ಮುಂದೂಡಿದಷ್ಟೂ ತಿಂಗಳಿಗೆ ಶೇ. 3ರಂತೆ ಆ ಮಾತು ಭಾರವಾಗುತ್ತದೆ.

ಓದು ಮುಗಿಸಿ ಹೊರಡುವವರಿಗೆ ಒಂದು ಕೊನೆಯ ಕೆಲಸವಿದೆ. ಕಾರ್ಡಿಗೆ ಕಾಲೇಜಿನ ಇಮೇಲ್ ವಿಳಾಸವನ್ನೂ ಹಾಸ್ಟೆಲ್ ವಿಳಾಸವನ್ನೂ ಕೊಟ್ಟಿದ್ದರೆ ಎರಡನ್ನೂ ಬದಲಿಸಬೇಕು. ಆ ಇಮೇಲ್ ಮುಚ್ಚಿಹೋದ ಮೇಲೆ ಬರುವ ವಾರ್ಷಿಕ ಶುಲ್ಕದ ಬಿಲ್ಲನ್ನು ಯಾರೂ ನೋಡುವುದಿಲ್ಲ, ಬಳಸದೇ ಬಿಟ್ಟ ಕಾರ್ಡಿನ ಮೇಲೆ ಲೇಟ್ ಫೀ ಬೆಳೆಯುತ್ತದೆ, ಮೊದಲ ಗೃಹಸಾಲಕ್ಕೋ ವಾಹನ ಸಾಲಕ್ಕೋ ಅರ್ಜಿ ಹಾಕಿದ ದಿನ ಅದು ಹೊರಬರುತ್ತದೆ. ಕಾರ್ಡ್ ಬೇಡವಾಗಿದ್ದರೆ ಕತ್ತರಿಸಿ ಎಸೆದರೆ ಖಾತೆ ಮುಚ್ಚುವುದಿಲ್ಲ. ಬಾಕಿ ಸೊನ್ನೆ ಮಾಡಿ, ಲಿಖಿತವಾಗಿ ಕೇಳಿ, ಮುಚ್ಚಿದೆ ಎಂಬ ಉತ್ತರವನ್ನು ಉಳಿಸಿಕೊಳ್ಳಬೇಕು. ಭಾರತದಲ್ಲಿ ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ, ಮುಚ್ಚುವವರೆಗೆ ದಿನಕ್ಕೆ 500 ರೂಪಾಯಿಯಂತೆ ದಂಡವನ್ನು ಕಾರ್ಡ್ ಕೊಟ್ಟವರೇ ಗ್ರಾಹಕರಿಗೆ ತೆರಬೇಕು.